ಅಮೆರಿಕದ ಲೀಸ್ ಲಾರಿ ಚಾಲಕ: ಗಳಿಕೆ ಎಷ್ಟು, ಉಳಿಕೆ ಎಷ್ಟು?

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸರಕಿನ ಬಹುಭಾಗ ಲಾರಿಗಳ ಮೂಲಕವೇ ಸಾಗುತ್ತದೆ. ಅಲ್ಲಿನ ಲಾರಿ ಚಾಲಕರನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು. ಕಂಪನಿಯ ಲಾರಿಯನ್ನು ಸಂಬಳಕ್ಕೆ ನಡೆಸುವವರು ಮೊದಲನೆಯವರು. ಸ್ವಂತ ಲಾರಿಯುಳ್ಳ ಚಾಲಕರು ಎರಡನೆಯವರು. ಇವೆರಡರ ನಡುವೆ ನಿಲ್ಲುವ ಮೂರನೆಯ ವರ್ಗದವನೇ ಲೀಸ್ ಚಾಲಕ. ಭಾರತದಿಂದ, ವಿಶೇಷವಾಗಿ ಪಂಜಾಬಿನಿಂದ, ವಲಸೆ ಹೋದ ಸಾವಿರಾರು ಮಂದಿ ಕ್ಯಾಲಿಫೋರ್ನಿಯ ಮುಂತಾದ ರಾಜ್ಯಗಳಲ್ಲಿ ಈ ವೃತ್ತಿಯನ್ನು ಅವಲಂಬಿಸಿರುವುದರಿಂದ ಈ ವ್ಯವಸ್ಥೆಯ ಪರಿಚಯ ನಮ್ಮ ಓದುಗರಿಗೂ ಉಪಯುಕ್ತವಾದುದು.

ಲೀಸ್ ಎಂಬ ಮಾತಿಗೆ ಕನ್ನಡದಲ್ಲಿ ಭೋಗ್ಯ ಎನ್ನುವುದು ರೂಢಿ. ಆದರೆ ಮನೆಯನ್ನು ಭೋಗ್ಯಕ್ಕೆ ಪಡೆದವನಿಗೆ ಅವಧಿ ಮುಗಿದಾಗ ತಾನು ಕೊಟ್ಟ ಇಡಿಗಂಟು ಹಿಂದಿರುಗುತ್ತದೆ. ಇಲ್ಲಿ ಅಂಥ ಗಂಟೂ ಇಲ್ಲ, ಹಿಂದಿರುಗುವಿಕೆಯೂ ಇಲ್ಲ. ಆದುದರಿಂದ ಲೀಸ್ ಎಂದೇ ಬಳಸುವುದು ಲೇಸು.

ವಾಸ್ತವವಾಗಿ ಇಲ್ಲಿರುವುದು ಒಂದಲ್ಲ, ಎರಡು ಕರಾರುಗಳು. ದೊಡ್ಡ ಸಾಗಣೆ ಕಂಪನಿಯು, ಅಥವಾ ಅದಕ್ಕೆ ಸಂಬಂಧಿಸಿದ ಇನ್ನೊಂದು ಸಂಸ್ಥೆಯು, ಚಾಲಕನಿಗೆ ಲಾರಿಯನ್ನು ವಾರದ ಬಾಡಿಗೆಗೆ ಕೊಡುತ್ತದೆ. ಚಾಲಕನು ಅದೇ ಲಾರಿಯನ್ನು, ಅದನ್ನು ನಡೆಸುವ ತನ್ನ ದುಡಿಮೆಯೊಡನೆ, ಅದೇ ಕಂಪನಿಗೆ ಒಪ್ಪಿಸುತ್ತಾನೆ. ಬಲಗೈ ಕೊಟ್ಟುದನ್ನು ಎಡಗೈ ಮರಳಿ ಪಡೆದಂತೆ. ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಕರಾರಿನ ಅವಧಿಯಲ್ಲಿ ಲಾರಿಯ ಸ್ವಾಧೀನವೂ ನಿಯಂತ್ರಣವೂ ಸಾಗಣೆ ಕಂಪನಿಯದೇ ಆಗಿರತಕ್ಕದ್ದು. ಹೀಗಾಗಿ ಬೇರೊಬ್ಬರ ಸರಕನ್ನು ಹೇರಿಕೊಂಡು ಹೋಗುವ ಸ್ವಾತಂತ್ರ್ಯ ಚಾಲಕನಿಗೆ ಸಾಮಾನ್ಯವಾಗಿ ಇರುವುದಿಲ್ಲ. ಕಾಗದದಲ್ಲಿ ಅವನು ಸ್ವತಂತ್ರ ಗುತ್ತಿಗೆದಾರ. ಯಾವ ಸರಕು, ಎಲ್ಲಿಂದ ಎಲ್ಲಿಗೆ, ವಾರಕ್ಕೆ ಎಷ್ಟು ಮೈಲಿ ಎಂಬುದು ಬಹುಮಟ್ಟಿಗೆ ಕಂಪನಿಯ ಕೈಯಲ್ಲಿ.

ಮುಂಬಯಿ ಅಥವಾ ಪುಣೆಯಲ್ಲಿ ಸಾಲ ಮಾಡಿ ಲಾರಿ ಕೊಂಡವನ ಆರ್.ಸಿ. ಪುಸ್ತಕದಲ್ಲಿ ಮೊದಲ ದಿನದಿಂದಲೇ ಅವನ ಹೆಸರಿರುತ್ತದೆ. ಸಾಲ ಕೊಟ್ಟವರ ಹೆಸರು ಅಡಮಾನದ ಷರಾ ಆಗಿ ಮಾತ್ರ ದಾಖಲಾಗುತ್ತದೆ. ಅಮೆರಿಕದ ಲೀಸ್‌ನಲ್ಲಿ ಹಾಗಲ್ಲ. ಕೊನೆಯ ಕಂತಿನವರೆಗೂ ಒಡೆತನ ಲೀಸ್ ಕೊಟ್ಟವರದೇ. ಕೆಲವು ಕರಾರುಗಳಲ್ಲಿ ಕೊನೆಯಲ್ಲಿ ಒಂದು ದೊಡ್ಡ ಮೊತ್ತವನ್ನು ತೆತ್ತಲ್ಲದೆ ಲಾರಿ ಚಾಲಕನದಾಗುವುದಿಲ್ಲ. ನಡುವೆ ಕಂತು ತಪ್ಪಿದರೆ ಲಾರಿ ಹಿಂದಕ್ಕೆ ಹೋಗುತ್ತದೆ, ಮತ್ತೊಬ್ಬ ಚಾಲಕನಿಗೆ ಲೀಸ್ ಆಗಲೂಬಹುದು.

ಇನ್ನು ಗಳಿಕೆಯ ವಿಚಾರ. ಜಾಹೀರಾತುಗಳಲ್ಲಿ ಕಾಣುವ ದೊಡ್ಡ ಅಂಕಿಗಳು ಸಾಮಾನ್ಯವಾಗಿ ಖರ್ಚು ಕಳೆಯುವ ಮುನ್ನಿನ ಒಟ್ಟು ವರಮಾನ. ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಿಕೊಳ್ಳಬಹುದು. ಡೀಸೆಲ್ ಹೆಚ್ಚುವರಿಯೂ ಸೇರಿ ಮೈಲಿಗೆ 1.50 ಡಾಲರಿನಂತೆ ಚಾಲಕನು ವಾರದಲ್ಲಿ 2,500 ಮೈಲಿ, ಅಂದರೆ ಸುಮಾರು 4,000 ಕಿಲೋಮೀಟರ್ ಓಡಿಸಿದನೆನ್ನೋಣ. ಒಟ್ಟು ವರಮಾನ 3,750 ಡಾಲರ್. ಲಾರಿಯ ಬಾಡಿಗೆ 900 ಡಾಲರ್. ಗ್ಯಾಲನ್ನಿಗೆ 7 ಮೈಲಿ (ಲೀಟರಿಗೆ ಸುಮಾರು 3 ಕಿಲೋಮೀಟರ್) ಓಡುವ ಲಾರಿಗೆ, ಗ್ಯಾಲನ್ನಿಗೆ 3.80 ಡಾಲರ್ ಬೆಲೆಯಲ್ಲಿ, ಡೀಸೆಲ್ 1,357 ಡಾಲರ್. ದುರಸ್ತಿ ನಿಧಿಗೆ ಮೈಲಿಗೆ 10 ಸೆಂಟಿನಂತೆ 250, ವಿಮೆಗೆ 250, ಪರವಾನಗಿ, ರಸ್ತೆ ಸುಂಕ ಇತ್ಯಾದಿಗಳಿಗೆ 150. ಇಷ್ಟೂ ಕಳೆದು ಉಳಿಯುವುದು 843 ಡಾಲರ್.

ಈಗ ಸರಕು ಕಡಿಮೆಯಾಗಿ ಅದೇ ಚಾಲಕನಿಗೆ ಒಂದು ವಾರ 1,500 ಮೈಲಿ ಮಾತ್ರ ದೊರೆಯಿತೆನ್ನೋಣ. ವರಮಾನ 2,250 ಡಾಲರಿಗೆ ಇಳಿಯಿತು. ಡೀಸೆಲ್ 814ಕ್ಕೆ, ದುರಸ್ತಿ ನಿಧಿ 150ಕ್ಕೆ ಇಳಿದವು. ಆದರೆ ಬಾಡಿಗೆ, ವಿಮೆ, ಸುಂಕಗಳು ಇಳಿಯಲಿಲ್ಲ. ಒಟ್ಟು ಖರ್ಚು 2,264 ಡಾಲರ್. ಇಡೀ ವಾರ ಮನೆ ಬಿಟ್ಟು ದುಡಿದವನು ಕೊನೆಗೆ 14 ಡಾಲರ್ ಬಾಕಿದಾರ! ಈ ಬಾಕಿ ಮುಂದಿನ ವಾರದ ಲೆಕ್ಕಕ್ಕೆ ಸೇರುತ್ತದೆ. ಕಾಯಿಲೆ ಬಿದ್ದ ವಾರ, ಹಬ್ಬಕ್ಕೆ ಮನೆಗೆ ಹೋದ ವಾರ, ಲಾರಿ ಗ್ಯಾರೇಜಿನಲ್ಲಿ ನಿಂತ ವಾರ, ಯಾವುದೂ ಬಾಡಿಗೆಗೆ ರಜೆಯಲ್ಲ.

ಉಳಿದ 843 ಡಾಲರ್ ಕೂಡ ಪೂರ್ತಿ ಕೈಗೆ ಬರುವುದಿಲ್ಲ. ಸಂಬಳದ ನೌಕರನ ಸಾಮಾಜಿಕ ಭದ್ರತಾ ತೆರಿಗೆಯಲ್ಲಿ ಅರ್ಧವನ್ನು ಮಾಲೀಕನು ಭರಿಸುತ್ತಾನೆ. ಸ್ವತಂತ್ರ ಗುತ್ತಿಗೆದಾರನು ಎರಡು ಅರ್ಧಗಳನ್ನೂ ಸೇರಿಸಿ 15.3 ಶೇಕಡಾ ದರದಲ್ಲಿ ತಾನೇ ತೆರಬೇಕು. ಆದಾಯ ತೆರಿಗೆ ಬೇರೆ. ಆರೋಗ್ಯ ವಿಮೆಯೂ ಅವನದೇ ಹೊಣೆ. ಇದಕ್ಕೆ ಹೋಲಿಸಿ ನೋಡಲು ಒಂದು ಅಂಕಿಯುಂಟು: 2024ರ ಸರ್ಕಾರಿ ಅಂಕಿ ಅಂಶಗಳಂತೆ ಸಂಬಳದ ಭಾರಿ ಲಾರಿ ಚಾಲಕರ ಮಧ್ಯಮ ವಾರ್ಷಿಕ ವೇತನ 57,440 ಡಾಲರ್, ವಾರಕ್ಕೆ ಸುಮಾರು 1,100 ಡಾಲರ್.

ಹೆಚ್ಚು ಗಂಟೆ ಓಡಿಸಿ ನಷ್ಟ ತುಂಬಿಕೊಳ್ಳಬಹುದೆಂದರೆ ಅದಕ್ಕೂ ಮಿತಿಯಿದೆ. ಸತತ 10 ಗಂಟೆ ವಿರಾಮದ ನಂತರ ಕೆಲಸ ಆರಂಭಿಸಿದವನು 14 ಗಂಟೆಗಳೊಳಗೆ 11 ಗಂಟೆ ಮಾತ್ರ ಓಡಿಸಬಹುದು. ಗೋದಾಮಿನ ಬಾಗಿಲಲ್ಲಿ ಸರಕಿಗಾಗಿ ಕಾಯುವ ಹೊತ್ತೂ ಸಾಮಾನ್ಯವಾಗಿ ಆ 14 ಗಂಟೆಗಳಲ್ಲಿ ಕಳೆದುಹೋಗುತ್ತದೆ. 2017ರ ಡಿಸೆಂಬರಿನಿಂದ ಬಹುತೇಕ ಲಾರಿಗಳಲ್ಲಿ ಇದನ್ನು ವಿದ್ಯುನ್ಮಾನ ಯಂತ್ರವೇ ದಾಖಲಿಸುತ್ತಿದೆ.

ಈ ಪದ್ಧತಿಯಿಂದ ಲಾಭ ಪಡೆದವರೇ ಇಲ್ಲವೆಂದಲ್ಲ. ಆರಂಭದಲ್ಲೇ ಕೆಲವು ತಿಂಗಳ ಖರ್ಚಿಗೆ ಉಳಿತಾಯವಿದ್ದವರು, ನಿಧಾನವಾಗಿ ಓಡಿಸಿ ಡೀಸೆಲ್ ಉಳಿಸಿದವರು, ನಿಶ್ಚಿತ ಮಾರ್ಗ ದೊರೆತವರು ಲಾರಿಯ ಒಡೆಯರಾದದ್ದುಂಟು. ಆದರೆ ಅವರ ಜಾಣತನವು ಫಲಿಸಬೇಕಾದರೂ ಸರಕು ಕೊಡುವವನ ಮರ್ಜಿ ಬೇಕು.

1980ರ ಮೋಟಾರು ಸಾಗಣೆ ಕಾಯಿದೆಯು ಪ್ರವೇಶ ಹಾಗೂ ದರಗಳ ಮೇಲಿನ ಸರ್ಕಾರಿ ಹಿಡಿತವನ್ನು ಸಡಿಲಿಸಿದ ಮೇಲೆ ಪೈಪೋಟಿ ತೀವ್ರವಾಯಿತು. ಲಾಸ್ ಏಂಜಲಿಸ್ ಮತ್ತು ಲಾಂಗ್ ಬೀಚ್ ಬಂದರುಗಳಲ್ಲಿ 2008ರಿಂದ ಹಳೆಯ ಡೀಸೆಲ್ ಲಾರಿಗಳನ್ನು ಹಂತಹಂತವಾಗಿ ನಿಷೇಧಿಸಿದಾಗ ಹೊಸ ಲಾರಿ ಕೊಳ್ಳಲಾರದ ಎಷ್ಟೋ ಚಾಲಕರು ಕಂಪನಿಗಳ ಲೀಸ್‌ಗೆ ಸಹಿ ಹಾಕಬೇಕಾಯಿತು. ಗಾಳಿ ಶುದ್ಧವಾಯಿತು, ಅದರ ವೆಚ್ಚದ ದೊಡ್ಡ ಪಾಲು ಚಾಲಕರ ಹೆಗಲೇರಿತು.

2019ರ ಜನವರಿಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಇಂಥ ಒಬ್ಬ ಚಾಲಕನ ಮೊಕದ್ದಮೆಯಲ್ಲಿ ಮಹತ್ವದ ತೀರ್ಪಿತ್ತಿತು. ಸಾಗಣೆ ಕಾರ್ಮಿಕರಿಗೆ 1925ರ ಮಧ್ಯಸ್ಥಿಕೆ ಕಾಯಿದೆಯಲ್ಲಿರುವ ವಿನಾಯಿತಿಯು ಸ್ವತಂತ್ರ ಗುತ್ತಿಗೆದಾರನಿಗೂ ಅನ್ವಯಿಸುತ್ತದೆ; ಆದುದರಿಂದ ಆ ಕಾಯಿದೆಯ ಬಲದಿಂದ ಅವನನ್ನು ಖಾಸಗಿ ಮಧ್ಯಸ್ಥಿಕೆಗೆ ದೂಡಲಾಗದು ಎಂಬುದು ಅದರ ಸಾರ. 2021ರ ಮೂಲಸೌಕರ್ಯ ಕಾಯಿದೆಯ ಪ್ರಕಾರ ರಚಿತವಾದ ಲಾರಿ ಲೀಸ್ ಕಾರ್ಯಪಡೆಯು, ಲೀಸ್ ಮೂಲಕ ಲಾರಿ ಮಾರುವ ಯೋಜನೆಗಳನ್ನು ನಿಷೇಧಿಸಬೇಕೆಂದೇ 2025ರ ಜನವರಿಯಲ್ಲಿ ಶಿಫಾರಸು ಮಾಡಿತು. ಶಿಫಾರಸು ಕಾಯಿದೆಯಲ್ಲ ಎಂಬುದನ್ನು ಮರೆಯುವಂತಿಲ್ಲ.

ಲಾರಿಯನ್ನು ಕಂಪನಿಗೆ ಒಪ್ಪಿಸುವ ಕರಾರಿಗೆ ಸಂಬಂಧಿಸಿದ ಕೇಂದ್ರ ನಿಯಮಗಳಲ್ಲಿ ಚಾಲಕನಿಗೆ ಕೆಲವು ರಕ್ಷಣೆಗಳಿವೆ. ಕರಾರು ಲಿಖಿತವಾಗಿರಬೇಕು, ಯಾವ ಯಾವ ಬಾಬಿಗೆ ಎಷ್ಟು ಮುರಿದುಕೊಳ್ಳಲಾಗುವುದು, ಅದನ್ನು ಹೇಗೆ ಲೆಕ್ಕ ಹಾಕಲಾಗುವುದು ಎಂಬುದು ಅದರಲ್ಲಿರಬೇಕು. ಅಗತ್ಯ ಕಾಗದಪತ್ರಗಳನ್ನು ಒಪ್ಪಿಸಿದ 15 ದಿನಗಳೊಳಗೆ ಹಣ ಪಾವತಿಯಾಗಬೇಕು. ಚಾಲಕನಿಂದ ಹಿಡಿದಿಟ್ಟ ನಿಧಿಯ ಲೆಕ್ಕವನ್ನು ಅವನು ಯಾವಾಗ ಬೇಕಾದರೂ ಕೇಳಬಹುದು. ಕರಾರು ಮುಗಿದ 45 ದಿನಗಳೊಳಗೆ, ಕರಾರಿನಲ್ಲಿ ಹೇಳಿರುವ ಬಾಕಿಗಳನ್ನು ಮುರಿದುಕೊಂಡು, ಉಳಿದ ಹಣವನ್ನು ಕಂಪನಿಯು ಅವನಿಗೆ ಹಿಂದಿರುಗಿಸತಕ್ಕದ್ದು.