ಮೈಸೂರನ್ನು ಬಿಟ್ಟುಕೊಟ್ಟ ಬಗೆ

1831ರಿಂದ 1881ರ ವರೆಗೆ, ನಮ್ಮ ಚಿತ್ರದುರ್ಗವೂ ಸೇರಿ, ಮೈಸೂರು ಸೀಮೆಯನ್ನು ಆಂಗ್ಲ ಕಮಿಷನರುಗಳು ಆಳಿದರು. ಅವರು ಹಿಂದೆ ಸರಿದದ್ದು ಔದಾರ್ಯದಿಂದಲೇ ಎಂದು ನಾನು ಬಹುಕಾಲ ನಂಬಿದ್ದೆ.

ಮುಮ್ಮಡಿ ಕೃಷ್ಣರಾಜ ಒಡೆಯರ ಮನವಿಗಳನ್ನು ಕಲ್ಕತ್ತೆಯ ಗವರ್ನರ್ ಜನರಲ್‌ಗಳು ಒಬ್ಬರಾದಮೇಲೊಬ್ಬರು ತಳ್ಳಿಹಾಕಿದರು. ಲಂಡನ್ನಿನಲ್ಲಾದರೋ, 1857ರ ದಂಗೆಯ ತರುವಾಯ ಸಂಸ್ಥಾನಗಳನ್ನು ನುಂಗುವ ನೀತಿಗೆ ಕೆಟ್ಟ ಹೆಸರು ಬಂದಿತ್ತು. ಪಾರ್ಲಿಮೆಂಟಿನಲ್ಲಿಯೇ ಅರಸರ ಪರವಾಗಿ ವಾದಿಸುವವರು ಹುಟ್ಟಿಕೊಂಡರು. ಮಂತ್ರಿಮಂಡಲವು ಇದನ್ನು ಅಲಕ್ಷಿಸುವಂತಿರಲಿಲ್ಲ. 1867ರಲ್ಲಿ ಇಂಡಿಯಾ ಮಂತ್ರಿ ನಾರ್ತ್‌ಕೋಟನು, ದತ್ತುಪುತ್ರ ಚಾಮರಾಜೇಂದ್ರರು ಪ್ರಾಯಕ್ಕೆ ಬಂದು ಯೋಗ್ಯರೆನಿಸಿದರೆ ರಾಜ್ಯವನ್ನು ಒಪ್ಪಿಸತಕ್ಕದ್ದೆಂದು ಕಲ್ಕತ್ತೆಗೆ ಬರೆದನು. ಅರಸರು ಮರುವರ್ಷವೇ ತೀರಿಕೊಂಡರು.

ಕೊಡುವ ಕೈ ಬಿಗಿಯಾಗಿಯೇ ಇತ್ತು. 1881ರ ಕರಾರಿನಲ್ಲಿ 24.5 ಲಕ್ಷ ರೂಪಾಯಿಗಳ ವಾರ್ಷಿಕ ಕಪ್ಪವನ್ನು 35 ಲಕ್ಷಕ್ಕೆ ಏರಿಸಲು ಗೊತ್ತುಮಾಡಿದರು. ಬೆಂಗಳೂರಿನ ದಂಡು ಪ್ರದೇಶವಂತೂ 1947ರ ವರೆಗೆ ಅವರ ಕೈಯಲ್ಲಿಯೇ ಉಳಿಯಿತು.