ನೀರಲ್ಲ, ಚಹಾ ಕಡಿಮೆ ಮಾಡಿ

ಪ್ರಶ್ನೆ: ನನಗೆ 46 ವರ್ಷ, ಮೂರು ಹೆರಿಗೆಯಾಗಿವೆ. ಕೆಮ್ಮಿದರೆ, ತುಂಬಿದ ಕೊಡ ಎತ್ತಿದರೆ ಮೂತ್ರ ಜಿನುಗುತ್ತದೆ. ಈಗೀಗ ಒಂದಕ್ಕೆ ಬಂದರೆ ತಡೆಯಲಾಗುವುದಿಲ್ಲ. ಹತ್ತಿ ಬಿಡಿಸುವ ಹೊಲದಲ್ಲಿ ಮರೆ ಹುಡುಕುವಷ್ಟರಲ್ಲಿ ಸೀರೆ ಒದ್ದೆ. ಅದಕ್ಕೇ ಕೂಲಿಗೆ ಹೋದ ದಿನ ನೀರು ಮುಟ್ಟುವುದಿಲ್ಲ, ಚಹಾ ಮಾತ್ರ ಕುಡಿಯುತ್ತೇನೆ. ಖಾರ ಬಿಡು ಅನ್ನುತ್ತಾರೆ. ಪಥ್ಯ ಏನು?
– ಹೆಸರು ಬೇಡ, ಶಹಾಪುರ ತಾಲ್ಲೂಕು

ಉತ್ತರ: ತಾಯಿ, ನೀವು ಬಿಡಬೇಕಾದದ್ದನ್ನು ಹಿಡಿದು, ಹಿಡಿಯಬೇಕಾದದ್ದನ್ನು ಬಿಟ್ಟಿದ್ದೀರಿ. ಯಾದಗಿರಿ ಕಡೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥದರಲ್ಲಿ ನೀರು ಕುಡಿಯದಿದ್ದರೆ ಮೂತ್ರ ಗಟ್ಟಿಯಾಗಿ ಕಡು ಹಳದಿಗೆ ತಿರುಗುತ್ತದೆ. ಅದು ಮೂತ್ರಚೀಲವನ್ನು ಕೆರಳಿಸಿ, ಚೀಲ ತುಂಬುವ ಮೊದಲೇ ಅವಸರ ಮಾಡುತ್ತದೆ. ಸೋಂಕು, ಹರಳುಗಳಿಗೂ ಅದೇ ದಾರಿ. ಒಮ್ಮೆಲೇ ತಂಬಿಗೆ ಎತ್ತದೆ, ಸ್ವಲ್ಪಸ್ವಲ್ಪವಾಗಿ ದಿನವಿಡೀ ಕುಡಿಯಿರಿ. ಮೂತ್ರ ತಿಳಿ ಹಳದಿಯಾಗಿದ್ದರೆ ಕುಡಿದದ್ದು ಸಾಕು ಎಂದರ್ಥ. ಮಲಗುವ ಎರಡು ಗಂಟೆ ಮೊದಲು ಮಾತ್ರ ಕಡಿಮೆ ಮಾಡಿ. (ಹೊಲದಲ್ಲಿ ಹೆಂಗಸರಿಗೊಂದು ಮರೆ ಇಲ್ಲದಿರುವುದಕ್ಕೆ ನನ್ನ ಬಳಿ ಔಷಧವಿಲ್ಲ. ಅದನ್ನು ಕೂಲಿಗೆ ಕರೆಯುವವರು, ಪಂಚಾಯಿತಿಯವರು ನೋಡಬೇಕು.)

ಕಡಿಮೆಯಾಗಬೇಕಾದದ್ದು ಚಹಾ. ಅದರಲ್ಲಿನ ಕೆಫೀನ್ ಮೂತ್ರ ಹೆಚ್ಚಿಸುತ್ತದೆ, ಚೀಲದ ಸ್ನಾಯುವನ್ನೂ ಕೆಣಕುತ್ತದೆ. ನಮ್ಮ ಕಪ್ಪುಗಳು ಸಣ್ಣವೇ, ಆದರೆ ಲೆಕ್ಕ ಇಡುವವರು ಯಾರು? ಒಂದೇ ದಿನಕ್ಕೆ ಬಿಟ್ಟರೆ ತಲೆನೋವು ಬರುತ್ತದೆ. ಎರಡು ವಾರದಲ್ಲಿ ನಿಧಾನಕ್ಕೆ ಇಳಿಸಿ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದಕ್ಕೆ ನಿಲ್ಲಿಸಿ.

ಖಾರದ ಮೇಲಿನ ದೂರಿಗೆ ಚಹಾದ ಮೇಲಿನಷ್ಟು ಆಧಾರವಿಲ್ಲ. ಕೆಲವರಿಗಷ್ಟೇ ಅದು ಆಗಿಬರುವುದಿಲ್ಲ. ಎರಡು ವಾರ ಮಿರ್ಚಿ ಭಜಿ, ಕೆಂಪು ಖಾರ ಬಿಟ್ಟು ನೋಡಿ. ವ್ಯತ್ಯಾಸ ಕಾಣದಿದ್ದರೆ ರೊಟ್ಟಿಗೆ ಹಚ್ಚಿಕೊಂಡು ಧಾರಾಳವಾಗಿ ತಿನ್ನಿ.

ನೀವು ಕೇಳದ ಒಂದು ಮಾತು: ಮಲಬದ್ಧತೆ ಇದೆಯೇ? ಮಲ ತುಂಬಿದ ಕರುಳು ಪಕ್ಕದ ಮೂತ್ರಚೀಲವನ್ನು ಒತ್ತುತ್ತದೆ. ದಿನವೂ ಮುಕ್ಕಿದರೆ ಹೆರಿಗೆಯಿಂದ ಸೋತಿರುವ ಕೆಳಹೊಟ್ಟೆಯ ಸ್ನಾಯು ಇನ್ನಷ್ಟು ಸಡಿಲವಾಗುತ್ತದೆ. ನಾರಾಯಣಪುರ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರದ ಹೊಲಗಳಿಗೆ ಭತ್ತ ಬಂತು, ತಟ್ಟೆಗೂ ನಾರು ಕಡಿಮೆಯಿರುವ ಬಿಳಿ ಅನ್ನ ಬಂತು. ಒಂದು ಹೊತ್ತಾದರೂ ಜೋಳದ ರೊಟ್ಟಿ, ಪುಂಡಿಪಲ್ಯ, ಮಡಿಕೆಕಾಳು ಇರಲಿ. ತೂಕ ಹೆಚ್ಚಿದ್ದರೆ ಇಳಿಸಿ. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಸ್ಥೂಲಕಾಯದ ಮಹಿಳೆಯರು ಆರು ತಿಂಗಳಲ್ಲಿ ಸರಾಸರಿ ಶೇ 8ರಷ್ಟು ತೂಕ ಇಳಿಸಿಕೊಂಡಾಗ ಮೂತ್ರ ಸೋರುವ ಸಂದರ್ಭಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. 70 ಕೆ.ಜಿ.ಯವರಿಗೆ ಅದು ಸುಮಾರು ಐದೂವರೆ ಕೆ.ಜಿ.

ಆದರೆ ಕೆಮ್ಮಿದಾಗಿನ ಸೋರಿಕೆಗೆ ಊಟವೊಂದೇ ಸಾಲದು, ವ್ಯಾಯಾಮ ಬೇಕು. ಗಾಳಿ ಹೋಗದಂತೆ ತಡೆಯುವಾಗ ಯಾವ ಸ್ನಾಯುವನ್ನು ಮೇಲಕ್ಕೆ ಎಳೆಯುತ್ತೀರೋ ಅದನ್ನೇ ಐದು ಎಣಿಸುವವರೆಗೆ ಬಿಗಿಹಿಡಿದು, ಅಷ್ಟೇ ಹೊತ್ತು ಸಡಿಲಬಿಡಿ. ಉಸಿರು ಕಟ್ಟಬೇಡಿ. ಒಮ್ಮೆಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ರೊಟ್ಟಿ ಬಡಿಯುತ್ತಲೂ ಮಾಡಬಹುದು, ಯಾರಿಗೂ ಗೊತ್ತಾಗದು. ಮೂರು ತಿಂಗಳು ಬಿಡದೆ ಮಾಡಿ. ಕೊಡ ಎತ್ತುವ ಮೊದಲು, ಕೆಮ್ಮು ಬರುವಾಗ ಅದೇ ಸ್ನಾಯುವನ್ನು ಬಿಗಿ ಮಾಡಿಕೊಳ್ಳಿ. ಇದನ್ನು ಕೆಗೆಲ್ ಎಂಬ ಅಮೆರಿಕದ ವೈದ್ಯರು 1948ರಲ್ಲೇ ಬರೆದಿದ್ದರು. ಇಂದಿಗೂ ಮೊದಲ ಚಿಕಿತ್ಸೆ ಇದೇ.

ತಾಲ್ಲೂಕು ಆಸ್ಪತ್ರೆಯಲ್ಲಿ ಒಮ್ಮೆ ಮೂತ್ರ, ಸಕ್ಕರೆ ಪರೀಕ್ಷೆ ಮಾಡಿಸಿ. ಉರಿ, ಜ್ವರ, ಮೂತ್ರದಲ್ಲಿ ರಕ್ತ ಕಂಡರೆ, ಅಥವಾ ಹಗಲು ರಾತ್ರಿ ಸೋರುತ್ತಲೇ ಇದ್ದರೆ ಪಥ್ಯ ಮಾಡುತ್ತ ಕೂರದೆ ತಕ್ಷಣ ಹೋಗಿ.

ಪ್ರಶ್ನೆ: ನಮ್ಮ ಅಪ್ಪನಿಗೆ 72. ಸಕ್ಕರೆ, ಬಿಪಿ ಎರಡೂ ಇವೆ. ರಾತ್ರಿ ನಾಲ್ಕೈದು ಸಲ ಏಳುತ್ತಾರೆ, ಹಾಸಿಗೆಯಲ್ಲೇ ಆದದ್ದೂ ಉಂಟು. ಸಂಜೆ ಕಲ್ಲಂಗಡಿ, ಚಹಾ ಬಿಡಿಸಬೇಕೇ?
– ಸುರಪುರ

ಉತ್ತರ: ರಾತ್ರಿ ಹೊತ್ತು ಎರಡೂ ಬೇಡ. ಆದರೆ ಮೊದಲು ಸಕ್ಕರೆ ಹಿಡಿತದಲ್ಲಿದೆಯೇ ನೋಡಿ. ಅದು ಏರಿದರೆ ಮೂತ್ರವೂ ಏರುತ್ತದೆ. ಬಿಪಿ ಗುಳಿಗೆಗಳಲ್ಲಿ ಮೂತ್ರ ಹೆಚ್ಚಿಸುವುದೂ ಇರುತ್ತದೆ. ಅದನ್ನು ರಾತ್ರಿ ನುಂಗುತ್ತಿದ್ದರೆ ಬೆಳಿಗ್ಗೆಗೆ ಬದಲಿಸಬಹುದೇ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ. ಈ ವಯಸ್ಸಿಗೆ ಪ್ರಾಸ್ಟೇಟ್ ಗ್ರಂಥಿಯನ್ನೂ ತೋರಿಸಬೇಕು. ಹೋಗುವಾಗ ಗುಳಿಗೆಗಳ ಚೀಟಿ ಜೊತೆಗಿರಲಿ.