ಎಂಟು ವರ್ಷದ ಕಾಯಿದೆ

ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಗೊತ್ತಲ್ಲವಾ? ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಕಡೆಯಿಂದ ಎಷ್ಟೋ ಹೆಣ್ಣುಮಕ್ಕಳು ಹೆರಿಗೆಗೆ ಅಲ್ಲಿಗೆ ಹೋಗಿದ್ದಾರೆ. ವಾಣಿವಿಲಾಸ ಅಂದರೆ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದು. ಅವರ ಗಂಡ ಹತ್ತನೇ ಚಾಮರಾಜ ಒಡೆಯರು. ಇದು ಆ ದೊರೆಯ ಕತೆ.

ಆಗ ನಮ್ಮ ಊರುಗಳೂ ಮೈಸೂರು ರಾಜ್ಯಕ್ಕೇ ಸೇರಿದ್ದವು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತಗೊಂಡರು. 50 ವರ್ಷ ಅವರದೇ ದರ್ಬಾರು. ಚಾಮರಾಜ ಒಡೆಯರು ಹುಟ್ಟಿದ್ದು 1863ರಲ್ಲಿ. ಐದು ವರ್ಷಕ್ಕೇ ಪಟ್ಟ ಕಟ್ಟಿದರು. ಪಟ್ಟ ಸಿಕ್ಕಿತು, ಅಧಿಕಾರ ಸಿಗಲಿಲ್ಲ. ಅದಕ್ಕೆ 18 ವರ್ಷ ತುಂಬಬೇಕಾಯಿತು. 1881ರ ಮಾರ್ಚ್ 25ರಂದು ರಾಜ್ಯ ಅವರ ಕೈಗೆ ಬಂತು.

ಅದೇ ವರ್ಷ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. ದಿವಾನ್ ರಂಗಾಚಾರ್ಲು ನಡೆಸಿದರು. ತಾಲ್ಲೂಕುಗಳಿಂದ ರೈತರು, ವರ್ತಕರು ಬಂದರು. 144 ಜನ. ಕಾಯಿದೆ ಮಾಡುವ ಸಭೆ ಅಲ್ಲ ಅದು. ಜನರ ಕಷ್ಟಸುಖ ಹೇಳುವ ಸಭೆ. ಅಲ್ಲಿ ಒಬ್ಬ ಹೆಂಗಸೂ ಇರಲಿಲ್ಲ.

ಹೆಂಗಸರ ಕಷ್ಟ ಏನು ಕಮ್ಮಿ ಇತ್ತಾ? ಆಗ ಎಳೇ ಕೂಸಿಗೂ ತಾಳಿ ಕಟ್ಟಿಸುತ್ತಿದ್ದರು. ಗಂಡ ಸತ್ತರೆ ಆ ಮಗುವೇ ವಿಧವೆ. ಕೆಲವು ಜಾತಿಗಳಲ್ಲಿ ಮರುಮದುವೆಯೂ ಇಲ್ಲ. ಹೆಂಡತಿ ಸತ್ತ ಮುದುಕ ಮೊಮ್ಮಗಳ ವಯಸ್ಸಿನ ಹುಡುಗಿಯನ್ನು ಕಟ್ಟಿಕೊಳ್ಳುತ್ತಿದ್ದ. ಅರಮನೆಯಲ್ಲೂ ಮದುವೆ ಬೇಗನೇ. ಕೆಂಪನಂಜಮ್ಮಣ್ಣಿಯವರ ಮದುವೆ ಆದಾಗ ಅವರಿಗೆ ಸುಮಾರು 12 ವರ್ಷ.

1894ರಲ್ಲಿ ದೊರೆಯ ಸರ್ಕಾರ ಒಂದು ಕಾಯಿದೆ ತಂದಿತು. 8 ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಬಾರದು. 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಮದುವೆ ಆಗಬಾರದು. ಮೀರಿದರೆ ಶಿಕ್ಷೆ.

"ಎಂಟೇ ವರ್ಷವಾ?" ಅಂತ ನಿಮಗೆ ಅನ್ನಿಸಬಹುದು. ನಮಗೂ ಹಾಗೇ ಅನ್ನಿಸಿತು. ಆದರೆ ಆಗ ಅದಕ್ಕೂ ವಿರೋಧ ಬಂತು. ಧರ್ಮದ ವಿಷಯಕ್ಕೆ ಸರ್ಕಾರ ಕೈ ಹಾಕಬಾರದು ಅಂದರು. ಆದರೂ ಕಾಯಿದೆ ಆಯಿತು.

ಆ ವರ್ಷದ ಡಿಸೆಂಬರಿನಲ್ಲೇ ದೊರೆ ಕಲ್ಕತ್ತಾಗೆ ಹೋಗಿದ್ದರು. ಅಲ್ಲಿ ಗಂಟಲುಮಾರಿ ರೋಗ ಬಂದು ತೀರಿಕೊಂಡರು. ಅವರಿಗೆ ಆಗ 31 ವರ್ಷ. (ಈಗ ಈ ರೋಗಕ್ಕೆ ಲಸಿಕೆ ಇದೆ. ನಿಮ್ಮ ಕೂಸಿಗೆ ಹಾಕಿಸಿದ್ದೀರಾ?) ಮಗನಿಗೆ ಬರೀ 10 ವರ್ಷ. ಮಗ ದೊಡ್ಡವನಾಗುವ ತನಕ, 1902ರವರೆಗೆ, ರಾಣಿಯೇ ರಾಜ್ಯ ನೋಡಿಕೊಂಡರು.

ಈಗಿನ ಕಾಯಿದೆಯಲ್ಲಿ ಹೆಣ್ಣಿಗೆ 18, ಗಂಡಿಗೆ 21 ತುಂಬಬೇಕು. ಎಲ್ಲಾದರೂ ಬಾಲ್ಯವಿವಾಹ ನಡೆಯುತ್ತಿದ್ದರೆ 1098ಕ್ಕೆ ಫೋನ್ ಮಾಡಿ.

ಬರೆಯಿರಿ: ನಿಮ್ಮ ಮದುವೆಯಲ್ಲಿ ನಿಮಗೆ ಎಷ್ಟು ವರ್ಷ? ನಿಮ್ಮ ಅವ್ವನಿಗೆ? ಅಜ್ಜಿಗೆ?